ಗಾಳಿಮರದ ಕಡಲು

ಯಾರು ದಾರಿ ಕೇಳಿದರೂ ನಮ್ಮ ಡ್ರಿಲ್ ಮಾಷ್ಟ್ರು "ಮೊದ್ಲ್ ಕಡ್ಲ್ ಎಲ್ಲಿತ್ತ್ ಕಾಂಬ" ಎಂದು ತಲೆ ಓರೆ ಮಾಡಿ ಕಿವಿಗೊಡುತ್ತಿದ್ದರು. ಆಮೇಲೆಯೇ ಕೈ ತೋರಿಸುವುದು.

ಕಿರಿಮಂಜೇಶ್ವರದ ಹತ್ತಿರ ಒಮ್ಮೆ, ನಕ್ಷೆ ನೋಡಿ ಅಲ್ಲಲ್ಲಿ ಕಟ್ಟಿದ ಬಾವುಟ ಹುಡುಕುತ್ತ ಓಡುವ ಸ್ಪರ್ಧೆ ನಡೆಯಿತು. ನಾನೂ ಮಾಷ್ಟ್ರೂ ಜೋಡಿ. ಒಂದೇ ಬಾವುಟ ಉಳಿದಾಗಲೂ ನಾವೇ ಮುಂದಿದ್ದೆವು. ಅದು ಇದ್ದದ್ದು ಕಡಲಿನ ಬದಿಗೆ. ನಾನು ದಿಕ್ಸೂಚಿ ತೆಗೆದೆ.

"ಅದೆಂತಕೆ? ಕಡ್ಲ್ ಕೇಂತಿಲ್ಯಾ?" ಎಂದವರೇ ಮೊರೆತದ ಕಡೆಗೆ ಓಡಿದರು. ನಾನು ಹಿಂದೆ ಓಡಿದೆ. ಎದುರಾದದ್ದು ಗಾಳಿಮರಗಳ ದೊಡ್ಡ ತೋಪು. ಗಾಳಿಗೆ ಮೊರೆಯುತ್ತಿದ್ದದ್ದು ಅದೇ. ಕಡಲು ನಮ್ಮ ಬೆನ್ನ ಹಿಂದೆ ದೂರ ಉಳಿದಿತ್ತು.

ನಾವು ಮರಳುವಷ್ಟರಲ್ಲಿ ಬಹುಮಾನ ಹಂಚಿ ಆಗಿತ್ತು. ನಾನು ಸಿಟ್ಟಿನಲ್ಲಿ ಕೊನೆಯ ಬಸ್ಸಿಗೆ ಹೊರಟೆ. ದಾರಿಯಲ್ಲಿ ಮಾಷ್ಟ್ರು ಮತ್ತೆ ಅದೇ ತೋಪಿಗೆ ಹೋಗಿ ಕಣ್ಣು ಮುಚ್ಚಿ ನಿಂತರು.

"ಹ್ವಾಯ್ ಮಾಷ್ಟ್ರೇ, ಕಡಿ ಬಸ್ ಬಪ್ಪು ಹೊತ್ತಾಯ್ತ್!" ಎಂದು ಕೂಗಿದೆ.

"ಬರ್ಲಿ ಮಾರಾಯ. ಇಲ್ ಬಂದ್ ಕೇಣ್. ಕಡ್ಲ್ ನಡುನಡು ಉಸ್ರ್ ತೆಗಿತ್ತ್. ಇದ್ ತೆಗಿತಿಲ್ಲೆ."

ಹೌದೋ ಅಲ್ಲವೋ ನೋಡೋಣವೆಂದು ನಾನೂ ಪಕ್ಕದಲ್ಲಿ ನಿಂತು ಕಣ್ಣು ಮುಚ್ಚಿದೆ. ಬಸ್ಸು ಹೋದದ್ದು ಇಬ್ಬರಿಗೂ ಕೇಳಿಸಲಿಲ್ಲ.