ಎಂಟನೇ ಕ್ಲಾಸಿನ ಮಗಳು

ನಮ್ಮ ಬಂದರಿಗೆ ಪ್ರವಾಸಿ ಹಡಗು ಬರುವುದು ವಾರಕ್ಕೆ ಎರಡು ದಿನ. ಬೆಳಿಗ್ಗೆ ಎಂಟಕ್ಕೆ ಬಂದು ಸಂಜೆ ಐದಕ್ಕೆ ಹೊರಟುಬಿಡುತ್ತದೆ. ಅಷ್ಟರೊಳಗೆ ಊರು ನೋಡಿ ಬರಬೇಕು ಅನ್ನುವವರು ಇಳಿದ ಕೂಡಲೇ ಕಟ್ಟೆಯ ಮೇಲೆ ಸಾಲಾಗಿ ಹಾಕಿದ ನಮ್ಮ ಮೇಜುಗಳ ಹತ್ತಿರ ಬರುತ್ತಾರೆ. ನಾನು ಟ್ಯಾಕ್ಸಿ ಮೇಜಿನವಳು. ನನ್ನ ಪಕ್ಕದ್ದು ಪ್ರವಾಸದ ಮೇಜು. ಅದರ ಮೇಲೆ ನೀಲಿ ಬಣ್ಣದ ದೊಡ್ಡ ಕೊಡೆ ಇದ್ದದ್ದರಿಂದ ಅಲ್ಲಿ ಕೂರುತ್ತಿದ್ದವಳನ್ನು ನಾವೆಲ್ಲ ಕೊಡೆಯಕ್ಕ ಅಂತಲೇ ಕರೆಯುತ್ತಿದ್ದೆವು. ಅವಳ ಗಂಡ ಅದೇ ಬಂದರಿನಲ್ಲಿ ಕ್ರೇನ್ ಓಡಿಸುತ್ತಿದ್ದ. ಮಾತು ಕಡಿಮೆಯ ಮನುಷ್ಯ. ಇಬ್ಬರ ಪಾಲಿನದನ್ನೂ ಇವಳೇ ಆಡುತ್ತಿದ್ದಳು.

ಮಾತೇ ಅವಳ ಕಸುಬು. ಜಲಪಾತ, ಗಾಜಿನ ತಳದ ದೋಣಿ, ಗಿಡಮರಗಳ ತೋಟ, ಹಳೆಪೇಟೆ ಎಲ್ಲವನ್ನೂ ಕಣ್ಣಿಗೆ ಕಟ್ಟುವ ಹಾಗೆ ವರ್ಣಿಸುತ್ತಿದ್ದಳು. ಕೇಳಿದವರಿಗೆ ಇವಳು ಅಲ್ಲೇ ಹುಟ್ಟಿ ಬೆಳೆದವಳು ಅನ್ನಿಸಬೇಕು. ಆದರೆ ತೋಟವೊಂದು ಬಿಟ್ಟರೆ ಯಾವುದನ್ನೂ ಅವಳು ನೋಡಿರಲಿಲ್ಲ. ಎಲ್ಲಾ ಕರಪತ್ರದಲ್ಲಿ ಓದಿದ್ದು, ಡ್ರೈವರುಗಳ ಬಾಯಲ್ಲಿ ಕೇಳಿದ್ದು.

ಅವತ್ತು ಬಿಸಿಲು ಏರಿತ್ತು. ಜಲಪಾತಕ್ಕೆ ಹೋಗುವ ವ್ಯಾನಿನಲ್ಲಿ ನಾಲ್ಕು ಜನ ಕೂತಾಗಿತ್ತು. ಆರು ಜನವಾಗದೆ ವ್ಯಾನು ಹೊರಡುವ ಹಾಗಿಲ್ಲ. ಒಳಗಿದ್ದವರು ಗೊಣಗುತ್ತಿದ್ದರು, ಡ್ರೈವರು ಹಾರ್ನ್ ಒತ್ತುತ್ತಿದ್ದ. ಅದೇ ಹೊತ್ತಿಗೆ ಚಿಕ್ಕ ವಯಸ್ಸಿನ ಗಂಡ ಹೆಂಡತಿ ಬಂದರು. ಅವಳಿಗೆ ಐದು ತಿಂಗಳು. ಹಡಗಿನ ಮೆಟ್ಟಿಲು ಇಳಿದದ್ದಕ್ಕೇ ಏದುಸಿರು. ತನಗೆ ಆಯಾಸ ಆಗದಂಥದ್ದು, ಮೆಲ್ಲಗೆ ನೋಡಿ ಬರುವಂಥದ್ದು ಏನಾದರೂ ಇದೆಯಾ ಅಂತ ಕೇಳಿದಳು. ಗಂಡನ ಕಣ್ಣು ಮಾತ್ರ ಜಲಪಾತದ ಚಿತ್ರದ ಮೇಲೇ ಇತ್ತು.

ತೋಟ ಅಂದುಬಿಟ್ಟಿದ್ದರೆ ಮುಗಿದಿತ್ತು. ಸಮತಟ್ಟಾದ ದಾರಿ, ನೆರಳು, ಹೆಜ್ಜೆಗೊಂದು ಬೆಂಚು. ಕೊಡೆಯಕ್ಕನಿಗೆ ಅದು ಗೊತ್ತಿತ್ತು. ಆದರೂ ಜಲಪಾತ ಅಂದಳು. ಆ ಹುಡುಗಿ ಅನುಮಾನಿಸಿದಳು. ದಾರಿಯಲ್ಲಿ ಕುಲುಕಾಟ ಜಾಸ್ತಿ ಇರುವುದಿಲ್ಲವಾ ಅಂದಳು. ಆಗ ಕೊಡೆಯಕ್ಕನ ಬಾಯಿಂದ ಆ ಮಾತು ಬಂತು.

"ಏನೂ ಇಲ್ಲ ಕಣಮ್ಮಾ. ನಾನೂ ಐದು ತಿಂಗಳ ಬಸುರಿ ಇದ್ದಾಗ ಅದೇ ದಾರೀಲಿ ಹೋಗಿ ಬಂದಿದ್ದೀನಿ. ತೊಟ್ಟಿಲಲ್ಲಿ ಕೂತ ಹಾಗಿರುತ್ತೆ."

ಕೊಡೆಯಕ್ಕನಿಗೆ ಮಕ್ಕಳಿಲ್ಲ. ಹತ್ತು ವರ್ಷ ಡಾಕ್ಟರುಗಳ ಬಾಗಿಲು ಸವೆಸಿ, ಸಾಕಪ್ಪಾ ಅಂತ ಗಂಡ ಹೆಂಡತಿ ಇಬ್ಬರೂ ಕೈಬಿಟ್ಟಿದ್ದರು. ಆ ಮಾತು ನನ್ನ ಕಿವಿಗೂ ಬಿತ್ತು. ನಾನು ತಿರುಗಿ ನೋಡಿದೆ. ಆಮೇಲೆ ನನ್ನ ಮುಂದಿದ್ದ ಗಿರಾಕಿಯ ಕಡೆ ತಿರುಗಿದೆ. ವ್ಯಾನು ಹೊರಟಿತು.

ಬೆಟ್ಟ ಹತ್ತುವ ರಸ್ತೆ ಕಿತ್ತುಹೋಗಿತ್ತಂತೆ. ಡ್ರೈವರುಗಳಿಗೆ ಅದೇನೂ ಹೊಸದಲ್ಲ, ಹಾಗಾಗಿ ಯಾರೂ ಬಂದು ಹೇಳಿರಲಿಲ್ಲ. ಮೇಲೆ ಹತ್ತುವಷ್ಟರಲ್ಲೇ ಆ ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಜಲಪಾತಕ್ಕೆ ನೂರ ನಲವತ್ತು ಮೆಟ್ಟಿಲು ಇಳಿಯಬೇಕು. ಅವಳು ಇಳಿಯಲಿಲ್ಲ, ಮೇಲೇ ಕೂತಳು. ವಾಪಸು ಬರುವಾಗ ಹೊಟ್ಟೆನೋವು ಶುರುವಾಗಿ ಸ್ವಲ್ಪ ರಕ್ತವೂ ಕಾಣಿಸಿತು. ಡ್ರೈವರು ಬಂದರಿಗೆ ಬರದೆ ನೇರ ಆಸ್ಪತ್ರೆಗೆ ಹೋಗಿ ಅಲ್ಲಿಂದ ಫೋನ್ ಮಾಡಿದ.

ಕೊಡೆಯಕ್ಕ ಫೋನ್ ಇಟ್ಟವಳು ಕೂತ ಕಡೆಯೇ ಕೂತಳು. ಹಡಗು ಅವರಿಬ್ಬರನ್ನು ಬಿಟ್ಟೇ ಹೊರಟಿತು. ಹೊರಡುವ ಮುಂಚೆ ಅವರ ಎರಡು ಪೆಟ್ಟಿಗೆಗಳನ್ನು ಕಟ್ಟೆಗೆ ಇಳಿಸಿದರು. ಟಿಕೆಟ್ ಬರೆದವಳು ನೀನೇ ಅಲ್ವಾ, ಹೋಗಿ ಕೊಟ್ಟು ಬಾ ಅಂತ ಆಫೀಸಿನವರು ಅವಳನ್ನೇ ಕಳಿಸಿದರು.

ಆಸ್ಪತ್ರೆಯಲ್ಲಿ ನಡೆದದ್ದನ್ನು ಅವಳೇ ನನಗೆ ಹೇಳಿದಳು, ಬಹಳ ದಿನದ ಮೇಲೆ. ಆ ಹುಡುಗಿ ಎಡಮಗ್ಗುಲಾಗಿ ಮಲಗಿದ್ದಳಂತೆ. ಬೈತಾಳೆ, ಬೈಯಲಿ ಅಂತ ಗಟ್ಟಿ ಮಾಡಿಕೊಂಡೇ ಇವಳು ಒಳಗೆ ಹೋಗಿದ್ದು. ಅವಳು ಬೈಯಲಿಲ್ಲ. ಇವಳ ಕೈ ಹಿಡಿದುಕೊಂಡಳು. ಗೊತ್ತಿಲ್ಲದ ಊರಲ್ಲಿ ನಮಗೋಸ್ಕರ ಬಂದಿರಲ್ಲ ಅಂದಳು. ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದಳು: "ನಿಮಗೂ ಆಗ ಹೀಗೆ ನೋವು ಬಂದಿತ್ತಾ?"

ಇಲ್ಲ ಅನ್ನಬಹುದಿತ್ತು. ನಿಜ ಹೇಳಬಹುದಿತ್ತು. ಆ ಕಣ್ಣು ನೋಡಿ ಎರಡೂ ಆಗಲಿಲ್ಲ.

"ಬಂದಿತ್ತಮ್ಮ," ಅಂದಳು ಕೊಡೆಯಕ್ಕ. "ಏನೂ ಆಗಲಿಲ್ಲ. ಮಗಳು ಈಗ ಎಂಟನೇ ಕ್ಲಾಸು."

ಹುಡುಗಿಯ ಮುಖದ ಬಿಗಿ ಸಡಿಲವಾಯಿತು. ಇವಳ ಕೈ ಹಿಡಿದುಕೊಂಡೇ ಕಣ್ಣು ಮುಚ್ಚಿದಳು.

ಮನೆಗೆ ಬಂದಾಗ ಗಂಡ ಅಡುಗೆಮನೆಯಲ್ಲಿ ಅನ್ನಕ್ಕೆ ಇಟ್ಟಿದ್ದ. ಇವಳು ಚಪ್ಪಲಿ ಕೂಡ ಬಿಡದೆ ಬಾಗಿಲಲ್ಲೇ ನಿಂತು ಎಲ್ಲಾ ಹೇಳಿದಳು. ಮೊದಲನೇ ಸುಳ್ಳಿನ ವಿಷಯ ಹೇಳುವಾಗ ಅಷ್ಟೇನೂ ಆಗಲಿಲ್ಲ. ಎರಡನೆಯದು ಬಂದಾಗ ಗಂಡನ ಮುಖ ಬಿಟ್ಟು ಹೊಸ್ತಿಲು ನೋಡುತ್ತಾ ಹೇಳಿದಳು. ಇಷ್ಟು ವರ್ಷ ಅವರಿಬ್ಬರೂ ಇಂಥದೊಂದು ಮಗುವಿನ ಮಾತನ್ನು ಮನೆಯೊಳಗೆ ಆಡಿದ್ದೇ ಇಲ್ಲ. ಅವಳು ಅದನ್ನು ದಾರಿಯಲ್ಲಿ ಸಿಕ್ಕಿದವರ ಮುಂದೆ ಆಡಿ ಬಂದಿದ್ದಳು. ಒಲೆ ಸಣ್ಣ ಮಾಡಿ ಗಂಡ ಕೇಳಿದ:

"ಯಾವ ಕ್ಲಾಸು ಅಂದೆ?"

"ಎಂಟು."

ಅವನು ಪಾತ್ರೆಯ ಮುಚ್ಚಳ ತೆಗೆದು ಸೌಟು ಆಡಿಸಿದ. "ನಾಳೆ ಹೋಗಿ ಹೇಳಿಬಿಡು. ನಾನೂ ಬರ್ತೀನಿ," ಅಂದ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು ಅಂತ ಅವಳು ಈಗಲೂ ಹೇಳುತ್ತಾಳೆ.

ಮಾರನೇ ದಿನ ಅವರು ಹೋಗುವಷ್ಟರಲ್ಲಿ ಸ್ಕ್ಯಾನ್ ಆಗಿತ್ತು. ಮಗುವಿನ ಎದೆಬಡಿತ ಚೆನ್ನಾಗಿದೆ, ಗಂಡಾಂತರ ಕಳೆದ ಹಾಗೇ, ನಾಲ್ಕು ದಿನ ಅಲ್ಲಾಡದೆ ಮಲಗಿರಲಿ ಅಂತ ಡಾಕ್ಟರು ಹೇಳಿದ್ದರು. ಕ್ರೇನಿನವನು ಬಾಗಿಲಲ್ಲಿ ನಿಂತ. ಕೊಡೆಯಕ್ಕ ಮಂಚದ ಹತ್ತಿರ ಹೋಗಿ, ತನಗೆ ಮಕ್ಕಳೇ ಇಲ್ಲ ಅಂತಲೂ, ಆ ರಸ್ತೆಯನ್ನು ಇವತ್ತಿನವರೆಗೂ ನೋಡಿಲ್ಲ ಅಂತಲೂ ಹೇಳಿದಳು. ಹುಡುಗಿಯ ಗಂಡ ದಡಕ್ಕನೆ ಎದ್ದು ನಿಂತ. ದೂರು ಕೊಡುತ್ತೇನೆ, ಕೆಲಸ ತೆಗೆಸುತ್ತೇನೆ ಅಂತ ಏನೇನೋ ಅಂದ. ಹುಡುಗಿ ಕೈ ಎತ್ತಿ ಅವನನ್ನು ತಡೆದಳು.

"ರಸ್ತೆ ವಿಷಯ ಬಿಡಿ, ನಿಮಗೆ ವ್ಯಾನು ತುಂಬಬೇಕಿತ್ತು. ನಾನು ಬೆಳಗಿನ ತನಕ ನಿಮ್ಮ ಮಗಳನ್ನೇ ನೆನೆಸ್ಕೊಂಡು ಮಲಗಿದ್ದೆ. ಅವಳು ಉಳಿದಿದ್ದಾಳೆ ಅಂದ್ರೆ ಇದೂ ಉಳಿಯುತ್ತೆ ಅಂತ."

ಅಷ್ಟು ಹೇಳಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಕೊಡೆಯಕ್ಕ ತಪ್ಪಾಯ್ತು ಅಂದಳು. ಹುಡುಗಿ ಹೊದಿಕೆಯನ್ನು ಹೆಗಲ ತನಕ ಎಳೆದುಕೊಂಡಳು. ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನುತ್ತಾರಲ್ಲ, ಆ ಕೋಣೆಯ ನೆಲ ಗಟ್ಟಿಯಾಗಿಯೇ ಇತ್ತು ಅಂತ ಅವಳು ನನ್ನ ಹತ್ತಿರ ಹೇಳಿದ್ದಳು. ಕೊನೆಗೆ ಕ್ರೇನಿನವನೇ ಒಳಗೆ ಬಂದು ತೋಳು ಹಿಡಿದು ಕರೆದುಕೊಂಡು ಹೋದ.

ವಾರದ ಮೇಲೆ ಅವರು ವಿಮಾನ ಹತ್ತಿ ಊರಿಗೆ ಹೋದರು. ದೂರು ಬರಲಿಲ್ಲ. ದೂರು ಬರುವುದನ್ನು ಕಾಯದೆ ಕೊಡೆಯಕ್ಕ ಆಫೀಸಿಗೆ ಹೋಗಿ ರಸ್ತೆಯ ಕಥೆಯನ್ನೂ ತನ್ನ ಮೊದಲ ಸುಳ್ಳನ್ನೂ ಹೇಳಿದಳು. ಎರಡನೆಯದನ್ನು ಹೇಳಲಿಲ್ಲ. ಎರಡು ತಿಂಗಳು ಅವಳನ್ನು ಮೇಜಿನಿಂದ ಎಬ್ಬಿಸಿ ಸಾಮಾನು ಕೋಣೆಗೆ ಹಾಕಿದರು. ಕಟ್ಟೆಯ ಮೇಲಿನ ನಾವೆಲ್ಲ ಒಂದೊಂದು ಮಾತು ಆಡಿದೆವು. ಮಕ್ಕಳಿಲ್ಲದವಳಿಗೆ ಬಸುರಿಯ ಸಂಕಟ ಹೇಗೆ ಗೊತ್ತಾಗಬೇಕು ಅಂತ ಯಾರೋ ಅಂದಾಗ ನಾನೂ ತಲೆಯಾಡಿಸಿದೆ. ಆ ಸುಳ್ಳನ್ನು ಹೇಳುವಾಗಲೇ ಕೇಳಿಸಿಕೊಂಡವಳು ನಾನು. ಬಾಯಿ ತೆರೆದಿದ್ದರೆ ಆ ಹುಡುಗಿ ವ್ಯಾನು ಹತ್ತುತ್ತಿರಲಿಲ್ಲ.

ಆ ಎರಡು ತಿಂಗಳಲ್ಲಿ ರಜೆಯ ದಿನಗಳಂದು ಗಂಡ ಹೆಂಡತಿ ಒಂದೊಂದೇ ಜಾಗಕ್ಕೆ ಹೋಗಿ ಬಂದರು. ಅವಳು ಬೇಕೆಂದೇ ಹಿಂದಿನ ಸೀಟಿನಲ್ಲಿ ಕೂರುತ್ತಿದ್ದಳು, ಅಲ್ಲೇ ಕುಲುಕಾಟ ಹೆಚ್ಚು ಅಂತ. ಎಷ್ಟು ಮೆಟ್ಟಿಲು, ನೆರಳು ಎಲ್ಲಿದೆ, ಕಕ್ಕಸು ಎಷ್ಟು ದೂರ, ಕೂರಲು ಏನಿದೆ, ಎಲ್ಲವನ್ನೂ ಬರೆದುಕೊಂಡಳು. ಗಾಜಿನ ದೋಣಿ ನೀರಲ್ಲಿ ಮೆತ್ತಗೇ ಹೋಗುತ್ತದೆ, ಆದರೆ ಹತ್ತುವಾಗ ಒಂದು ಹಲಗೆ ದಾಟಬೇಕು, ಅದು ತೂಗುತ್ತದೆ. ವಸ್ತುಸಂಗ್ರಹಾಲಯ ತಣ್ಣಗಿದೆ, ಕಕ್ಕಸು ಮಾತ್ರ ಮಹಡಿ ಮೇಲಿದೆ. ಹಳೆಪೇಟೆಯ ಕಲ್ಲುಹಾಸು ಜಾರುತ್ತದೆ. ಹೀಗೆ.

ಮತ್ತೆ ಮೇಜಿಗೆ ಬಂದ ಮೇಲೆ ಅವಳ ಮಾತೇ ಬದಲಾಗಿತ್ತು. ಬಸುರಿಯರು ಬಂದರೆ ಎಷ್ಟು ತಿಂಗಳು, ಡಾಕ್ಟರು ಏನು ಹೇಳಿದ್ದಾರೆ, ಗಾಡಿಯಲ್ಲಿ ವಾಂತಿ ಬರುತ್ತದಾ ಅಂತ ಕೇಳುತ್ತಾಳೆ. ಕೆಲವರಿಗೆ ಹಡಗಿನಲ್ಲೇ ಕಾಲು ಚಾಚಿ ಮಲಗಿರಿ ಅಂತಲೂ ಹೇಳುತ್ತಾಳೆ. ನಿಮಗೆ ಮಕ್ಕಳೆಷ್ಟು ಅಂತ ಯಾರಾದರೂ ಕೇಳಿದರೆ ಇಲ್ಲ ಅನ್ನುತ್ತಾಳೆ. ಅಷ್ಟು ಕೇಳಿ ಎದ್ದು ಮುಂದಿನ ಮೇಜಿಗೆ ಹೋದವರೂ ಇದ್ದಾರೆ.

ಆ ಹುಡುಗಿಗೆ ಹೆಣ್ಣುಮಗು ಆಯಿತು, ತಾಯಿ ಮಗು ಕ್ಷೇಮ ಅಂತ ಹಡಗಿನವರ ಕಡೆಯಿಂದ ಆಫೀಸಿಗೆ ಸುದ್ದಿ ಬಂತು. ಕೊಡೆಯಕ್ಕನಿಗೆ ಅಂತ ಒಂದು ಮಾತೂ ಇರಲಿಲ್ಲ. ಸರಿಯಾಯ್ತು ಬಿಡು ಅಂದಳು. ಆಮೇಲೆ ಬಹಳ ಹೊತ್ತು ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು.

ಹೋದ ತಿಂಗಳು ಆಫೀಸಿನವರು ಅವಳ ಪಟ್ಟಿಯನ್ನು ಅಚ್ಚು ಹಾಕಿಸಿ ಎಲ್ಲಾ ಮೇಜುಗಳ ಮೇಲೂ ಇಟ್ಟರು. ಗರ್ಭಿಣಿಯರಿಗೆ ಅನುಕೂಲವಾದ ಜಾಗಗಳು ಅಂತ ಮೇಲೆ, ಅವಳ ಹೆಸರು ಕೆಳಗೆ. ಅವಳು ಸಾಹೇಬರ ಹತ್ತಿರ ಹೋಗಿ ಹೆಸರು ತೆಗೆಸಿ ಅಂತ ಕೇಳಿಕೊಂಡಳು. ಎಂಥ ವಿನಯ ನೋಡಿ ಈಯಮ್ಮಂದು ಅಂತ ಸಾಹೇಬರು ನಮ್ಮೆಲ್ಲರ ಮುಂದೆ ಹೊಗಳಿದರು. ಅವಳು ತಲೆ ಎತ್ತಲಿಲ್ಲ. ನಾನೂ ಎತ್ತಲಿಲ್ಲ.