ಕೆಂಪು ಮುಚ್ಚಳದ ಫ್ಲಾಸ್ಕು

ಮೊನ್ನೆ ಮೊಮ್ಮಗಳ ನಾಯಿಮರಿಗೆ ಸೂಜಿ ಹಾಕಿಸಲು ತರೀಕೆರೆಗೆ ಹೋಗಿದ್ದೆ. ಡಾಕ್ಟರು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದರು ನೋಡಿ, ಆ ವಾಸನೆಗೆ ಅಜ್ಜಂಪುರದ ದನದಾಸ್ಪತ್ರೆಯ ಕಾಂಪೌಂಡರು ಎದುರಿಗೇ ಬಂದು ನಿಂತಂತಾಯಿತು. ಮಾಸಿದ ಬಿಳಿ ಪ್ಯಾಂಟು, ಕಂಕುಳಲ್ಲಿ ಕೆಂಪು ಮುಚ್ಚಳದ ಫ್ಲಾಸ್ಕು...

ನಾನು ಹುಟ್ಟಾ ಅನುಮಾನದವಳು. ಹಾಲಿನವನ ಪಾವು, ತರಕಾರಿಯವಳ ತಕ್ಕಡಿ, ಯಾವುದನ್ನೂ ನಂಬಿದವಳಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ಒಮ್ಮೆ ಕಡೂರು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿದ್ದಾಗ, ಕಾಂಪೌಂಡರು ಎದುರಿನ ಹೋಟೆಲಿನವನ ಕೈಗೆ ಆ ಫ್ಲಾಸ್ಕು ಕೊಡುವುದನ್ನು ಕಿಟಕಿಯಿಂದ ನೋಡಿದೆ. ಹುಚ್ಚುನಾಯಿ ರೋಗದ ಔಷಧಿಯನ್ನು ಕಡೂರಿನಿಂದ ಅವರು ತರುತ್ತಿದ್ದುದು ಅದರಲ್ಲೇ. ಅದರಲ್ಲಿ ಈ ಮನುಷ್ಯ ಟೀ ತುಂಬಿಸಿಕೊಳ್ಳುತ್ತಾನಲ್ಲ ಅಂತ ಮೈಯೆಲ್ಲ ಉರಿಯಿತು. "ಕಣ್ಣಾರೆ ಕಂಡರೂ ಪರಾಂಬರಿಸಿ ನೋಡು" ಅನ್ನುತ್ತಿದ್ದರು ನಮ್ಮತ್ತೆ. ಬಸ್ಸು ಹೊರಟಿತು, ಪರಾಂಬರಿಸಲಿಲ್ಲ.

ಆದರೂ ನಮ್ಮವರ ಬಲವಂತಕ್ಕೆ ನಮ್ಮ ನಾಯಿ ರಾಜನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋದೆ. ಸೂಜಿ ಹಾಕಿದ ಮೇಲೆ ಎಲ್ಲರನ್ನೂ ಅರ್ಧ ಗಂಟೆ ಹೊಂಗೆಮರದ ಕೆಳಗೆ ಕೂರಿಸುವುದು ಕಾಂಪೌಂಡರ ಕಟ್ಟಳೆ. ಮೇಲಿನವರು ಬಂದರೆ ತೋರಿಸಲು ಜನ ಬೇಕಲ್ಲ, ಅದಕ್ಕೇ ಇರಬೇಕು ಅಂದುಕೊಂಡು ಮೆಲ್ಲಗೆ ಜಾಗ ಖಾಲಿ ಮಾಡಿದೆ. ರೈಲ್ವೆ ಗೇಟು ಮುಟ್ಟುವಷ್ಟರಲ್ಲಿ ರಾಜನ ಮೂತಿ ಊದಿ, ಕಣ್ಣು ಮುಚ್ಚಿ, ಮೈತುಂಬ ದದ್ದೆದ್ದಿತ್ತು. ಅವನನ್ನು ಹೊತ್ತುಕೊಂಡು ವಾಪಸು ಓಡಿದೆ.

ಕಾಂಪೌಂಡರು ಇನ್ನೊಂದು ಸೂಜಿ ಕೊಟ್ಟು, ನೆಲದ ಮೇಲೇ ಕೂತು ಅವನ ಎದೆಯ ಮೇಲೆ ಕೈಯಿಟ್ಟುಕೊಂಡರು. ಊತ ಇಳಿಯುವವರೆಗೂ ಏಳಲಿಲ್ಲ.

"ಔಷ್ದಿ ಕೆಟ್ಟಿಲ್ಲ ಕಣಮ್ಮಾ. ಎಲ್ಲೋ ಒಂದೊಂದು ನಾಯಿ ಮೈಗೆ ಒಗ್ಗಲ್ಲ. ಆಗೋದಿದ್ರೆ ನನ್ ಕಣ್ಮುಂದೇನೇ ಆಗ್ಲಿ ಅಂತ ಕೂರ್ಸೋದು."

ಒಂದು ಚೀಟಿಯಲ್ಲಿ ಕೆಂಪು ಶಾಯಿಯಿಂದ "ಸೂಜಿಯ ನಂತರ ಮುಖ ಊದಿದೆ, ಮುಂದಿನ ಸಲ ಮೊದಲೇ ತಿಳಿಸುವುದು" ಎಂದು ಬರೆದುಕೊಟ್ಟರು. ತನ್ನ ತಪ್ಪು ಮುಚ್ಚಿಕೊಳ್ಳಲು ಬರೆದದ್ದು ಅಂತ ನನಗೆ ಖಾತ್ರಿಯಾಯಿತು. ಟೀ ಬೆರೆತ ಔಷಧಿಯ ಕಥೆಯನ್ನು ನಲ್ಲಿಯ ಹತ್ತಿರ ಉಪ್ಪುಖಾರ ಹಚ್ಚಿ ಹೇಳಿದೆ. ನಕ್ಕವರೆಷ್ಟೋ, ನಾಯಿ ಕರೆದೊಯ್ಯುವುದನ್ನೇ ಬಿಟ್ಟವರೆಷ್ಟೋ...

ಮರುವರ್ಷ ಅವರೇ ಮನೆಬಾಗಿಲಿಗೆ ಬಂದರು. "ರಾಜನ್ನ ಕರ್ಕೊಂಡ್ಬನ್ನಿ ಅಮ್ಮಾ. ಊತ ಬರ್ದಂಗೆ ಮೊದ್ಲೊಂದು ಸೂಜಿ ಕೊಟ್ಟು, ನಾನೇ ಪಕ್ದಲ್ಲಿದ್ದು ನೋಡ್ಕೋತೀನಿ." ಆಯಿತು ಅಂದೆ. ಹೋಗಲಿಲ್ಲ.

ಆ ಬೇಸಿಗೆಯಲ್ಲಿ ಊರಿಗೆ ಹುಚ್ಚುನಾಯಿಯೊಂದು ನುಗ್ಗಿ ರಾಜನನ್ನು ಕಚ್ಚಿತು. ಸಣ್ಣ ಗಾಯ ಅಂತ ಅರಿಶಿನ ಮೆತ್ತಿ ಸುಮ್ಮನಾದೆವು. ತಿಂಗಳ ಮೇಲೆ ಅವನು ನೀರು ಕುಡಿಯುವುದನ್ನೇ ಬಿಟ್ಟ. ಜೊಲ್ಲು ಸುರಿಸುತ್ತ ಸರಪಳಿ ಕಚ್ಚತೊಡಗಿದ. ಕಾಂಪೌಂಡರು ಬಂದು ದೂರದಿಂದಲೇ ನೋಡಿದರು.

"ಈ ವರ್ಷ ಸೂಜಿ ಬೇರೆ ಕಡೆ ಹಾಕ್ಸಿದ್ರೇನಮ್ಮ?"

ನಾನು ಒಳಗೆ ಹೋಗಿಬಿಟ್ಟೆ. ರಾಜ ಮೂರನೆಯ ದಿನ ಸರಪಳಿಯಲ್ಲೇ ಸತ್ತ. ನಾವು ಮನೆಮಂದಿಯೆಲ್ಲ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡೆವು. ಆ ಔಷಧಿ ಯಾವ ಫ್ಲಾಸ್ಕಿನಲ್ಲಿ ಬಂತು ಅಂತ ನಾನು ಕೇಳಲಿಲ್ಲ.

ಮುಂದೆ ಒಂದು ದಿನ ಮತ್ತೆ ಅದೇ ಬಸ್‌ಸ್ಟ್ಯಾಂಡು. ಈ ಸಲ ಬಸ್ಸು ಹೋಟೆಲಿನ ಪಕ್ಕಕ್ಕೇ ನಿಂತಿತ್ತು. ಹೋಟೆಲಿನವನು ಶರಬತ್ತಿನ ಐಸನ್ನು ಕುಟ್ಟಿ ಕುಟ್ಟಿ ಆ ಫ್ಲಾಸ್ಕಿಗೆ ತುಂಬುತ್ತಿದ್ದ. "ಇನ್ನೊಂಚೂರು ಹಾಕಪ್ಪಾ, ಔಷ್ದಿ ತಣ್ಗಿರ್ಬೇಕು, ಅಜ್ಜಂಪುರ ಮುಟ್ಟೋಗಂಟ ಕರಗ್ಬಾರ್ದು," ಅನ್ನುತ್ತಿದ್ದರು ಕಾಂಪೌಂಡರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಸೆರಗು ಮುಂದಕ್ಕೆಳೆದು ಮುಖ ತಿರುಗಿಸಿಕೊಂಡೆ.

ಹುಟ್ಟುಗುಣ ಸುಟ್ಟರೂ ಹೋಗದು. ಮೊನ್ನೆಯೂ ಆ ಹುಡುಗ ಡಾಕ್ಟರಿಂದ ಫ್ರಿಜ್ಜು ತೆಗೆಸಿ, ಬಾಟಲಿ ಮುಟ್ಟಿ ನೋಡಿದೆ. ಅವರು ನಕ್ಕರು. "ಅರ್ಧ ಗಂಟೆ ಇಲ್ಲೇ ಕೂತಿರಿ ಅಜ್ಜಿ," ಅಂದರು. ಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಅದಕ್ಕೇನೂ ಆಗಲಿಲ್ಲ, ನಿದ್ದೆ ಹೋಯಿತು. ಕಾಂಪೌಂಡರು ತೀರಿಕೊಂಡು ಎಷ್ಟೋ ವರ್ಷಗಳಾದವು. ಅವತ್ತು ಬಸ್ಸಿನಿಂದ ಇಳಿದು, ಫ್ಲಾಸ್ಕಿನಲ್ಲಿ ಏನಿದೆ ಅಂತ ಒಂದು ಮಾತು ಕೇಳಬಹುದಿತ್ತು.