ಜೋಳದ ಹೊಲದಲ್ಲಿ ಸ್ಯಾಕ್ಸೋಫೋನು

ಭಾನುವಾರ ಬಂತೆಂದರೆ ನನ್ನ ಹೆಂಡತಿಗೆ ತಲೆನೋವು. ನಾನು ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿ ಚಿಂತಾಮಣಿಗೋ ಶಿಡ್ಲಘಟ್ಟಕ್ಕೋ ಹೋಗಿ, ಗುಜರಿ ಅಂಗಡಿಗಳಲ್ಲಿ ಹಳೆಯ ಕ್ಯಾಸೆಟ್ಟುಗಳನ್ನು ಕೆದಕಿ, ಸಂಜೆಗೆ ಚೀಲ ತುಂಬಿಕೊಂಡು ಬರುತ್ತೇನೆ. ನನ್ನ ಹುಚ್ಚು ಜಾಝ್ ಫ್ಯೂಷನ್. ಸ್ಯಾಕ್ಸೋಫೋನು, ಗಿಟಾರು, ಡ್ರಮ್ಸು, ಜೊತೆಗೆ ನಮ್ಮ ಮೃದಂಗ, ಎಲ್ಲ ಒಂದೇ ಮನೆಯಲ್ಲಿ ಜಗಳವಾಡಿ ರಾಜಿಯಾಗುವ ಸಂಗೀತ. ಅದರಲ್ಲೂ ರೆಕಾರ್ಡ್ ಆಗಿ ಬಿಡುಗಡೆಯೇ ಆಗದೆ ಉಳಿದವೇ ನನಗೆ ಬೇಕು. "ಯಾರಿಗೂ ಬೇಡ ಅಂತಾನೇ ತಾನೆ ಬಿಡುಗಡೆ ಮಾಡ್ದಿರೋದು?" ಎನ್ನುತ್ತಾಳೆ. ನಾನು ಚೀಲ ಬಿಚ್ಚಿ ಕ್ಯಾಸೆಟ್ಟುಗಳ ಧೂಳು ಒರೆಸತೊಡಗುತ್ತೇನೆ.

ಕಳೆದ ವರ್ಷ, ನನ್ನಂಥ ಹುಚ್ಚರೇ ಸೇರಿಕೊಂಡಿರುವ ಫೋನಿನ ಗುಂಪಿನಲ್ಲಿ ಒಬ್ಬರು ಬರೆದರು: ಹಿಂದೆ ಬೆಂಗಳೂರಿನಲ್ಲಿ ಮಾಡಿದ್ದ ಒಂದು ಫ್ಯೂಷನ್ ರೆಕಾರ್ಡಿಂಗ್ ಹೊರಗೇ ಬರಲಿಲ್ಲ, ಸ್ಟುಡಿಯೋ ಮುಚ್ಚಿದಾಗ ಮೂಲ ಟೇಪೂ ಕಳೆದುಹೋಯಿತು, ಸ್ಯಾಕ್ಸೋಫೋನ್ ನುಡಿಸಿದವರು ಗೌರಿಬಿದನೂರು ಕಡೆಯ ಮದುವೆ ಬ್ಯಾಂಡಿನವರಂತೆ. ಓದುತ್ತಿದ್ದಂತೆ ಕಾಫಿ ನೆತ್ತಿಗೇರಿತು. ಅಯ್ಯೋ ಶಿವನೇ, ಇದು ನಮ್ಮ ಸೋದರಮಾವ!

ಈ ಮಾವ ಹಿಂದೆ ಮದುವೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಊದುತ್ತಿದ್ದವರು, ಈಗ ಗೌರಿಬಿದನೂರು ಕಡೆಯ ನಗರಗೆರೆ ಹತ್ತಿರ ಮುಸುಕಿನ ಜೋಳ ಬೆಳೆಯುತ್ತಾರೆ. "ನಾನು ಬೆಂಗ್ಳೂರ್ ಸ್ಟುಡಿಯೋದಲ್ಲಿ ಜಾಝ್ ಊದಿದೋನು ಕಣೋ" ಎಂದು ಸಿಕ್ಕವರಿಗೆಲ್ಲ ಹೇಳುತ್ತಲೇ ಬಂದಿದ್ದಾರೆ. ನಂಬಿದವರು ಯಾರೂ ಇಲ್ಲ. ತೆಲುಗು ಸೀಮೆಯಿಂದ ಬಂದ ಅತ್ತೆಯಂತೂ ಅವರು ಬಾಯಿ ತೆರೆದರೆ ಸಾಕು, "ಚಾಲ್ಲೇಂಡಿ, ಸಾಕು ಬಿಡಿ" ಎಂದು ಅಲ್ಲಿಗೇ ಮುಗಿಸುತ್ತಿದ್ದರು. ಮಾವನ ಹತ್ತಿರ ಸಾಕ್ಷಿಯೆಂದು ಇದ್ದದ್ದು ಒಂದೇ ಕ್ಯಾಸೆಟ್ಟು. ಸವೆದುಹೋಗುತ್ತದೆ ಎಂದು ಅದನ್ನೂ ಯಾರಿಗೂ ಕೇಳಿಸದೆ ಟ್ರಂಕಿನಲ್ಲಿಟ್ಟಿದ್ದರು.

ನಾನು ಓಡಿಹೋಗಿ ವಿಷಯ ತಿಳಿಸಿದಾಗ ಮಾವ ಎದೆಯುಬ್ಬಿಸಿಕೊಂಡು ಟ್ರಂಕು ತೆರೆದರು. ಡಬ್ಬಿ ಇತ್ತು, ಕ್ಯಾಸೆಟ್ ಇರಲಿಲ್ಲ.

"ನನ್ ಹೊಟ್ಟೆ ಉರಿಸಕ್ಕೇ ಎಲ್ಲೋ ಬಿಸಾಕಿದ್ದೀಯ ಕಣೇ!" ಎಂದು ಅಡುಗೆಮನೆ ಕಡೆಗೆ ಕೂಗಿದರು.

"ಬಾಯಿಗ್ ಬಂದಂಗೆ ಮಾತಾಡ್ಬೇಡಿ," ಎಂದು ಅತ್ತೆ ಹೊರಬಂದರು. "ನಿಮ್ಮ ಡಬ್ಬಿ ಸೀಳೋಗಿ ಇರುವೆ ನುಗ್ತಿತ್ತು. ಕ್ಯಾಸೆಟ್ ತೆಗೆದು ನನ್ನ ಭಜನೆ ಡಬ್ಬಿಗೆ ಹಾಕಿಟ್ಟಿದ್ದೀನಿ. ಆ ಭಜನೆ ಕ್ಯಾಸೆಟ್ ಕೆಟ್ಟು ಎಷ್ಟು ಕಾಲ ಆಯ್ತು."

ಮಾವ ದೊಪ್ಪನೆ ಕೂತುಬಿಟ್ಟರು. "ಭಜನೆ ಡಬ್ಬೀಗಾ?"

ಗಿಳಿಗಳ ಕಾಟಕ್ಕೆ ನಮ್ಮ ಕಡೆ ಹೊಲದ ಸುತ್ತ ಗೂಟ ನೆಟ್ಟು ಕ್ಯಾಸೆಟ್ಟಿನ ಟೇಪು ಬಿಗಿಯುತ್ತಾರೆ. ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್ ಎನ್ನುತ್ತದೆ, ಹಕ್ಕಿಗಳು ಹೆದರುತ್ತವೆ. ಹಿಂದಿನ ವಾರ ಹೆಂಡತಿಯ ಮೇಲಿನ ಸಿಟ್ಟಿಗೆ ಮಾವ ಅವಳ ಭಜನೆಯನ್ನೇ ಬಲಿ ಕೊಡೋಣವೆಂದು ಆ ಡಬ್ಬಿಯಿಂದ ಕ್ಯಾಸೆಟ್ ಕದ್ದು, ಅದರ ಟೇಪನ್ನು ಹೊಲದ ಸುತ್ತ ಬಿಗಿದಿದ್ದರು. "ಕನ್ನಡಕ ಹಾಕ್ಕಂಡಿರ್ಲಿಲ್ಲ ಕಣೋ," ಎಂದರು, ಸತ್ತ ದನಿಯಲ್ಲಿ. "ಭಜನೆಯೆಲ್ಲ ಇವಳ ಫೋನಿಗೇ ಬಂದೈತಲ್ಲ, ಕ್ಯಾಸೆಟ್ ಯಾಕೆ ಅಂತ..."

ಹೊಲಕ್ಕೆ ಓಡಿದೆವು. ಗೂಟದಿಂದ ಗೂಟಕ್ಕೆ, ನಾನು ಭಾನುವಾರಗಳನ್ನೆಲ್ಲ ಸುರಿದು ಹುಡುಕುತ್ತಿದ್ದ ಸಂಗೀತ ಥಳಥಳ ಹೊಳೆಯುತ್ತಿತ್ತು. ಕೊನೆಗೂ ಅದು ಬಿಡುಗಡೆಯಾಗಿದ್ದು ಗಿಳಿಗಳ ಮುಂದೆ. ಅವೂ ಎದ್ದುಹೋಗಿದ್ದವು. ಹಿರಿಯರೆಂದೂ ನೋಡದೆ ಮಾವನ ಮೇಲೆ ರೇಗಿದೆ. ಅವರು ತಿರುಗಿ ಬೈಯಲಿಲ್ಲ. "ನಾಳೆ ನಾನು ಸತ್ರೆ ಸುಳ್ಳ ಅನ್ನಿಸ್ಕಂಡೇ ಹೋಗ್ತೀನಿ," ಎಂದಷ್ಟೇ ಅಂದರು. ನಾನು ಗೂಟಗಳಿಂದ ಟೇಪು ಬಿಚ್ಚತೊಡಗಿದೆ.

ಅತ್ತೆ ಮೊರ ತಂದರು. ಹರಿದ ತುಂಡುಗಳನ್ನೆಲ್ಲ ಅದರೊಳಗೆ ಹಾಕಿಕೊಂಡು, ಮನೆಗೆ ಬಂದು ಸೆರಗಿನಿಂದ ಒಂದೊಂದನ್ನೇ ಒರೆಸಿದರು. ನಾನು ಅಂಟಿಸಿದೆ. ಮಾವ ಖಾಲಿ ಕ್ಯಾಸೆಟ್ಟಿನ ತೂತಿಗೆ ಪೆನ್ನು ತೂರಿಸಿ ಸುತ್ತಿದರು. ಅತ್ತೆಯ ಹಳೆಯ ಟೇಪ್ ರೆಕಾರ್ಡರಿಗೆ ಹಾಕಿದರೆ ಮೊದಲು ಬರೀ ಸರಸರ ಸದ್ದು, ನಮ್ಮ ಹೊಲದ ಧೂಳಿರಬೇಕು. ಆಮೇಲೆ ಬಂತು ನೋಡಿ ಸ್ಯಾಕ್ಸೋಫೋನು! ಛತ್ರದ ಕೊನೇ ಪಂಕ್ತಿಗೂ ಮುಟ್ಟುವಂಥ ಮದುವೆ ಬ್ಯಾಂಡಿನ ಉಸಿರು, ಕೆಳಗೆ ಡ್ರಮ್ಸು. ನನ್ನ ಕಣ್ಣು ತುಂಬಿತು. ಅಷ್ಟರಲ್ಲಿ ರಾಗ ಪಕ್ಕನೆ ತುಂಡಾಗಿ ಇನ್ನೇನೋ ತಾಳ ಶುರುವಾಯಿತು.

"ಆಹಾ! ಫ್ಯೂಷನ್ ಅಂದ್ರೆ ಇದು ಮಾವ! ಎಂಥಾ ತಿರುವು ಕೊಟ್ಟಿದ್ದೀರ!" ಎಂದೆ.

ಮಾವ ಗಂಭೀರವಾಗಿ ತಲೆಯಾಡಿಸಿದರು. "ಹೂಂ, ಅವತ್ತು ಹಂಗೇ ಬಂದ್ಬಿಡ್ತು."

"ಏನ್ ತಿರುವೋ ಏನೋ," ಎಂದರು ಅತ್ತೆ, ಮೊರ ಕೊಡವುತ್ತಾ. "ತುಂಡು ಹಿಂದುಮುಂದು ಅಂಟಿಸಿದ್ದೀರ. ಇಲ್ಲಿ ಮುಂದಕ್ಕೆ ಹಿಂಗ್ ಬರ್ಬೇಕು." ಎಂದು ಮುಂದಿನ ಸಾಲನ್ನು ಹಾಯಾಗಿ ಗುನುಗಿದರು.

ಮಾವ ಟೇಪ್ ರೆಕಾರ್ಡರ್ ನಿಲ್ಲಿಸಿದರು. "ನಿಂಗೆಂಗೇ ಗೊತ್ತು?"

"ನೀವು ಹೊಲಕ್ಕೆ ಹೋದಾಗೆಲ್ಲ ಹಾಕ್ಕಂತಿದ್ದೆ."

"ಮತ್ತೆ ಊರ್ ಮುಂದೆಲ್ಲ ಸಾಕು ಬಿಡಿ, ಸಾಕು ಬಿಡಿ ಅಂತಿದ್ದೆ?"

"ನಂಬ್ತೀನಿ ಅಂದಿದ್ರೆ ನೀವು ಹೇಳೋದೇ ನಿಲ್ಲಿಸ್ಬಿಡ್ತಿದ್ರಿ."

ಮಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ತಿರುಗಿ, "ಅವತ್ತು ಏನಾಯ್ತು ಅಂದ್ರೆ ಕಣೋ, ಬೆಂಗ್ಳೂರಲ್ಲಿ ಬಸ್ ಇಳೀತಿದ್ದಂಗೆ..." ಎಂದು ಮೊದಲಿಂದ ಶುರುಹಚ್ಚಿಕೊಂಡರು. "ಚಾಲ್ಲೇಂಡಿ," ಎಂದರು ಅತ್ತೆ. ಎಂದವರು ಮೊರವನ್ನು ಗೋಡೆಗೆ ಒರಗಿಸಿ, ಅವರ ಪಕ್ಕದಲ್ಲೇ ಕೂತರು.